ಕಪ್ಪು ಚೀಲಕ್ಕೆ ಹಿಡಿಸದ ಹಲಗೆ

ಲಮಾಂಟ್ ಏಕರ್ಸ್ ಎಂಬ ವಿಶ್ವ ಚಾಂಪಿಯನ್ನನ್ನು ಮೊದಲ ಸಲ ಕಣ್ಣಾರೆ ಕಂಡ ದಿನವೇ ನಾಲ್ಕು ಜನರೆದುರು ಬಾಯಿಗೆ ಬಂದಂತೆ ಬೈದುಬಿಟ್ಟೆ. ಬೈದದ್ದು ಸರಿಯಾಗಿಯೇ ಇತ್ತು. ಇವತ್ತು ಮತ್ತೆ ಬೈಯಬೇಕಾಗಿ ಬಂದರೂ ಒಂದು ಮಾತು ಕಡಿಮೆ ಮಾಡುವವಳಲ್ಲ ನಾನು.

ಅದು ಅಕ್ಟೋಬರ್‌ನ ಒಂದು ಮಧ್ಯಾಹ್ನ. ನಮ್ಮ ಅಲಬಾಮದ ಬರ್ಮಿಂಗ್‌ಹ್ಯಾಮ್‌ನಲ್ಲಿ, ಚರ್ಚಿನ ಹಿಂದಿನ ಹಾಲ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹರ್ಡಲ್ಸ್ ಓಟದಲ್ಲಿ ಲೋಕವನ್ನೇ ಗೆದ್ದುಬಂದ ಊರಿನ ಹುಡುಗ ನಮ್ಮ ಮಕ್ಕಳನ್ನು ನೋಡಲು ಬರುತ್ತಾನಂತೆ. ನಮ್ಮ ಮಕ್ಕಳೆಂದರೆ ಹೆತ್ತವರ ಜೊತೆ ಇರಲಾಗದೆ, ಕೋರ್ಟು ತೋರಿಸಿದ ಸಾಕುಮನೆಗಳಲ್ಲಿ ಬೆಳೆಯುವವರು. ಈ ತಿಂಗಳು ಒಬ್ಬರ ಮನೆ, ಮುಂದಿನ ತಿಂಗಳು ಯಾರದೋ.

ಬಾಗಿಲು ತೆರೆಯಿತು. ಚಿತ್ರಗಳಲ್ಲಿ ಕಾಣುವುದಕ್ಕಿಂತ ಎತ್ತರದ ಆಳು. ಹಿಂದೆ ಎರಡು ಕ್ಯಾಮೆರಾ. ಹೆಗಲ ಮೇಲೆ ಎರಡು ದೊಡ್ಡ ಕಪ್ಪು ಕಸದ ಚೀಲ, ಉಬ್ಬಿ ಬಿರಿಯುವಂತಿದ್ದವು.

"ಯಾರ್ಯಾರಿಗೆ ಹೊಸ ಶೂ ಬೇಕು?" ಎಂದು ಕೂಗಿದ.

ಒಂದು ಮಗುವೂ ಕದಲಲಿಲ್ಲ. ನನ್ನ ಪಕ್ಕದಲ್ಲಿ ಚಿಪ್ಸ್ ತಿನ್ನುತ್ತಿದ್ದ ಡೆಲೈಲಾ ಪೊಟ್ಟಣವನ್ನು ಮಡಚಿ ಜೇಬಿಗಿಟ್ಟುಕೊಂಡು ಮೂಲೆಗೆ ಹೋದಳು. ತಿರುಗಿ ಬಂದಾಗ ಆ ಸೆಕೆಯಲ್ಲೂ ಕೋಟಿನ ಜಿಪ್ಪು ಕುತ್ತಿಗೆಯವರೆಗೆ ಎಳೆದುಕೊಂಡಿದ್ದಳು. ಬೆನ್ನಿಗೆ ಸ್ಕೂಲ್ ಬ್ಯಾಗು ಏರಿತ್ತು. ಎಂಟು ವರ್ಷದ ಹುಡುಗಿ, ಬಸ್ಸಿಗೆ ಕಾಯುವವರ ಹಾಗೆ ಬಾಗಿಲ ಕಡೆ ಮುಖ ಮಾಡಿ ನಿಂತಳು.

"ಈ ಸಲ ಯಾರ ಮನೆ, ಮಿಸ್ ಒಡೆಸ್ಸಾ?" ಎಂದಳು.

ನನ್ನ ತಲೆ ಕೆಟ್ಟುಹೋಯಿತು.

"ರೀ ಚಾಂಪಿಯನ್ನೇ! ಆ ಚೀಲ ಕೆಳಗಿಡಿ."

"ಯಾಕೆ, ಏನಾಯ್ತು?"

"ಏನಾಯ್ತಾ? ಈ ಮಕ್ಳ ಬಟ್ಟೆ, ಗೊಂಬೆ, ಪುಸ್ತಕ ಎಲ್ಲಾನೂ ಮನೆಯಿಂದ ಮನೆಗೆ ಹೋಗೋದು ಇದೇ ಚೀಲದಲ್ಲಿ ಕಣ್ರೀ. ಕಪ್ಪು ಚೀಲ ಬಂತು ಅಂದ್ರೆ ಎದ್ದು ನಡಿ ಅಂತ ಅರ್ಥ. ಅದನ್ನ ಹೊತ್ಕೊಂಡು ಹಲ್ಲು ಕಿರೀತಾ ಬಂದ್ರಲ್ಲ, ನಿಮಗೆ ಹೇಳೋರು ಕೇಳೋರು ಯಾರೂ ಇಲ್ವಾ? ಶೂ ಅಂತೆ ಶೂ!"

ಅವನ ಮುಖದ ನಗು ಆರಿಹೋಯಿತು. ಚೀಲಗಳನ್ನು ನೋಡಿದ, ಡೆಲೈಲಾಳ ಕೋಟನ್ನು ನೋಡಿದ. ಚೀಲಗಳನ್ನು ಹೊತ್ತುಕೊಂಡು ಬಂದ ದಾರಿಯಲ್ಲೇ ಹೊರಟುಹೋದ.

"ಸಮಾಧಾನ ಆಯ್ತಾ ಮಗಳೇ?" ಎಂದರು ಮಿಸ್ ಅರ್ಲೀನ್. ನಮ್ಮ ಸಂಸ್ಥೆಯನ್ನು ಕಟ್ಟಿದವರು ಅವರೇ. ನಮ್ಮ ಕಡೆ ಮದುವೆಯಾದವರನ್ನೂ ಗೌರವಕ್ಕೆ ಮಿಸ್ ಎಂದೇ ಕರೆಯುವುದು. "ಎರಡು ವರ್ಷ ಕಾಗದ ಬರೆದು ಕರೆಸಿದ್ದೆ. ಎರಡು ನಿಮಿಷದಲ್ಲಿ ಓಡಿಸಿದೆ."

"ಓಡೋದು ಅವ್ರ ಕಸುಬು ತಾನೆ, ಓಡ್ಲಿ ಬಿಡಿ," ಎಂದೆ.

ಆದರೆ ಅವನು ಮತ್ತೆ ಬಂದ. ಎದೆಗೆ ಆನಿಸಿಕೊಂಡು ಗದ್ದದವರೆಗೂ ಶೂ ಡಬ್ಬಿ. ಇಳಿಸಿ, ಹೋಗಿ, ಇನ್ನಷ್ಟು ತಂದ. ಸಹಾಯಕ್ಕೆ ಬಂದ ಕ್ಯಾಮೆರಾದವನನ್ನು ಕಣ್ಣಲ್ಲೇ ಹೊರಗೆ ಕಳಿಸಿದ. ಅಂಗಿ ಬೆವರಿನಲ್ಲಿ ಒದ್ದೆಯಾದ ಮೇಲೆ ಡೆಲೈಲಾಳ ಮುಂದೆ ನೆಲದ ಮೇಲೆ ಕುಳಿತ.

"ನಿನ್ನನ್ನ ಕರ್ಕೊಂಡು ಹೋಗೋಕೆ ಬಂದ ಚೀಲ ಅಲ್ಲ ಅದು. ತಪ್ಪು ನಂದು."

"ನಿಮಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ನಾನೂ ನಿನ್ನ ಹಾಗೇ ಬೇರೆಯವರ ಮನೆಗಳಲ್ಲಿ ಬೆಳೆದೋನು. ಮರೆತುಬಿಟ್ಟಿದ್ದೆ."

"ಅದನ್ನ ಹೇಗೆ ಮರೀತಾರೆ?"

ಅವನ ಕಣ್ಣು ತುಂಬಿಕೊಂಡವು. ಡೆಲೈಲಾ ಕೋಟಿನ ಜಿಪ್ಪನ್ನು ಅರ್ಧ ಇಳಿಸಿ, ಜೇಬಿನಿಂದ ಚಿಪ್ಸ್ ತೆಗೆದು ಒಂದನ್ನು ಅವನಿಗೆ ಕೊಟ್ಟಳು.

ಹೋಗುವಾಗ ಬಾಗಿಲ ಬಳಿ ನನ್ನ ಮುಂದೆ ನಿಂತ. "ಬೈದಿದ್ದಕ್ಕೆ ಥ್ಯಾಂಕ್ಸ್, ಮಿಸ್ ಒಡೆಸ್ಸಾ."

"ಇನ್ನೂ ಮುಗಿದಿಲ್ಲ ನಂದು."

"ಹಾಗಿದ್ರೆ ಬರೋ ಮಂಗಳವಾರ ಬಂದು ಉಳಿದಿದ್ದು ಬೈಸ್ಕೋತೀನಿ," ಎಂದ. ತುಟಿ ನಗಲಿಲ್ಲ, ಕಣ್ಣು ಮಾತ್ರ ನಕ್ಕವು. ಹಾಳಾದವನ ಕಣ್ಣು ಚೆನ್ನಾಗಿದ್ದವು.

* * *

ಮಂಗಳವಾರ ಬಂದ. ಒಬ್ಬನೇ.

"ಕ್ಯಾಮೆರಾ ಎಲ್ಲಿ?"

"ಮನೇಲಿ ಮಲಗಿದೆ. ಅದಕ್ಕೆ ಜ್ವರ."

ನಗಬಾರದೆಂದುಕೊಂಡೇ ನಕ್ಕೆ. ಅದರ ಮುಂದಿನ ಮಂಗಳವಾರವೂ ಬಂದ. ಆಮೇಲೆ ಮಂಗಳವಾರ ಬೆಳಿಗ್ಗೆ ಕನ್ನಡಿಯ ಮುಂದೆ ನಾನು ನಿಲ್ಲುವ ಹೊತ್ತು ಹೆಚ್ಚಾಗತೊಡಗಿತು. ಮಿಸ್ ಅರ್ಲೀನ್ ಅದನ್ನು ಗಮನಿಸಿ, "ಈ ಕಿವಿಯೋಲೆ ಮಕ್ಕಳಿಗೋಸ್ಕರನಾ ಮಗಳೇ?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದರು.

"ನಿಜ ಹೇಳಿ, ಏನು ನಿಮ್ಮ ಕೆಲ್ಸ?" ಒಂದು ದಿನ ಲಮಾಂಟ್ ಕೇಳಿದ. "ಪಾಠ ಹೇಳೋರಲ್ಲ, ಡಾಕ್ಟರಲ್ಲ, ಸರ್ಕಾರದೋರೂ ಅಲ್ಲ."

"ಇರೋದೇ ನನ್ನ ಕೆಲ್ಸ."

"ಅಷ್ಟೇನಾ?"

"ಇದ್ದು ನೋಡಿ, ಆಮೇಲೆ ಅಷ್ಟೇನಾ ಅನ್ನಿ."

ನಮ್ಮಲ್ಲಿ ಒಂದು ಮಗುವಿಗೆ ಒಬ್ಬರು ಜೊತೆಗಾರರು. ಒಂದನೇ ತರಗತಿಯಿಂದ ಹನ್ನೆರಡನೇ ತರಗತಿಗೆ ಹೈಸ್ಕೂಲು ಮುಗಿಯುವವರೆಗೆ, ಹನ್ನೆರಡು ವರ್ಷ ಅದೇ ಮುಖ. ಮಗುವಿನ ಮನೆ ಬದಲಾಗಲಿ, ಶಾಲೆ ಬದಲಾಗಲಿ, ಜಡ್ಜ್ ಬದಲಾಗಲಿ, ನಾವು ಬದಲಾಗುವುದಿಲ್ಲ. ಸಂಬಳ ಕೊಡುತ್ತಾರೆ. ಬಿಡುವಾದಾಗ ಬಂದುಹೋಗುವ ಪುಣ್ಯದ ಕೆಲಸ ಅದಲ್ಲ. ಡೆಲೈಲಾ ನನ್ನ ಪಾಲಿನ ಹುಡುಗಿ. ನನ್ನ ಕೈಗೆ ಬಂದ ಮೇಲೆ ಮೂರು ಮನೆ ಬದಲಾಗಿತ್ತು.

"ಇದೇನು?" ಗೋಡೆಗೆ ಒರಗಿಸಿದ್ದ ಉದ್ದನೆಯ ಹಲಗೆಯನ್ನು ಮುಟ್ಟಿ ಕೇಳಿದ. ಅದರ ಮೇಲೆ ಅಡ್ಡ ಗೀಟುಗಳು, ಪಕ್ಕದಲ್ಲಿ ತಾರೀಖು.

"ನನ್ ಹಲಗೆ," ಎಂದಳು ಡೆಲೈಲಾ. "ಪ್ರತಿ ಹುಟ್ಟಿದಹಬ್ಬಕ್ಕೆ ನಿಲ್ಸಿ ಗೀಟು ಹಾಕ್ತಾರೆ. ಮುಟ್ಬೋದು. ಅಳಿಸ್ಬಾರ್ದು."

ಬೇರೆ ಮಕ್ಕಳಿಗೆ ಅಡುಗೆಮನೆಯ ಬಾಗಿಲ ಚೌಕಟ್ಟಿರುತ್ತದೆ, ಅಲ್ಲಿ ಅವರಮ್ಮ ಪೆನ್ಸಿಲ್ಲಿನಿಂದ ಎತ್ತರ ಗುರುತು ಹಾಕುತ್ತಾಳೆ. ನಮ್ಮ ಮಕ್ಕಳಿಗೆ ಯಾವ ಚೌಕಟ್ಟು? ಚರ್ಚು ಹಳೆಯ ಬೆಂಚುಗಳನ್ನು ಬಿಸಾಡಿದಾಗ ಮಿಸ್ ಅರ್ಲೀನರ ಗಂಡ ಅವನ್ನು ಕುಯ್ದು ಮಗುವಿಗೊಂದು ಹಲಗೆ ಮಾಡಿಕೊಟ್ಟರು. ಮನೆ ಬದಲಾದರೆ ಹಲಗೆಯೂ ಜೊತೆಯಲ್ಲೇ ಹೋಗುತ್ತದೆ. ಆರಡಿ ದಾಟಿದ ಅದು ಕಪ್ಪು ಚೀಲಕ್ಕೆ ಹಿಡಿಸುವುದಿಲ್ಲ, ಯಾರಾದರೂ ಕೈಯಲ್ಲೇ ಹೊರಬೇಕು. ಹೊರುವುದು ಜೊತೆಗಾರರ ಕೆಲಸ. ಡೆಲೈಲಾಳ ಹಲಗೆಯನ್ನು ಸಾಗಿಸಿ ಸಾಗಿಸಿ ನನ್ನ ಕಾರಿನ ಹಿಂದಿನ ಸೀಟಿನ ಬಟ್ಟೆ ಹರಿದಿತ್ತು. ಈ ಸಲ ಸಿಕ್ಕ ಮನೆಯಲ್ಲಿ ಜಾಗವಿಲ್ಲವೆಂದು ಅದನ್ನು ಹಾಲ್‌ನಲ್ಲಿ ಇಟ್ಟಿದ್ದೆವು.

ಲಮಾಂಟ್ ಕೆಳಗಿನ ಗೀಟಿನಿಂದ ಮೇಲಿನ ಗೀಟಿನವರೆಗೆ ಬೆರಳಾಡಿಸಿದ.

"ಏಳನೇ ವರ್ಷದಲ್ಲಿ ನಾನು ಎಷ್ಟೆತ್ತರ ಇದ್ದೆ ಅಂತ ಯಾರಿಗೂ ಗೊತ್ತಿಲ್ಲ," ಎಂದ, ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ. "ಹತ್ತನೇ ವರ್ಷದಲ್ಲಿ ಸ್ಕೂಲ್ ಕೋಚ್ ಸಿಕ್ಕರು. ಎಂಟು ವರ್ಷ ಬಿಡ್ಲಿಲ್ಲ ಮಹಾರಾಯರು. ನಾನು ಯಾವ ಮನೇಲಿದ್ರೂ ಬೆಳಿಗ್ಗೆ ಬಂದು ಹಾರ್ನ್ ಹೊಡೆಯೋರು. ಅವ್ರು ಇಲ್ದಿದ್ರೆ ನಾನು ಜೈಲಲ್ಲಿರ್ತಿದ್ದೆ."

ಆ ದಿನದಿಂದ ಅವನಿಗೆ ಅದೇ ಹುಚ್ಚು. ಗೆದ್ದ ಓಟದ ಬಗ್ಗೆ ವರದಿಗಾರರು ಕೇಳಿದರೆ ನಮ್ಮ ಮಕ್ಕಳ ಬಗ್ಗೆ ಹೇಳುವನು. "ಒಂದು ಮಗು, ಒಬ್ಬ ಮನುಷ್ಯ, ಹನ್ನೆರಡು ವರ್ಷ," ಎಂದು ಮೈಕಿನ ಮುಂದೆ ಬೆರಳು ಮಡಿಸುವನು. "ನಿಮ್ಮ ಮೊಣಕಾಲು ಹೇಗಿದೆ ಲಮಾಂಟ್?" ಎಂದರೆ "ಮೊಣಕಾಲು ಬಿಡ್ರಿ, ಜೊತೆಗಾರರಿಗೆ ಕಾಯ್ತಿರೋ ಮಕ್ಳ ಬಗ್ಗೆ ಕೇಳಿ," ಎನ್ನುವನು. ಟಿವಿಯಲ್ಲಿ ನೋಡುತ್ತಾ ಡೆಲೈಲಾ ಬಾಯಿಪಾಠ ಮಾಡಿಕೊಂಡಿದ್ದಳು.

ಒಮ್ಮೆ ಮೂವರೂ ಬಾರ್ಬೆಕ್ಯು ಅಂಗಡಿಯ ಹೊರಗಿನ ಬೆಂಚಿನಲ್ಲಿ ಕುಳಿತಿದ್ದೆವು. ನನ್ನ ಮತ್ತು ಡೆಲೈಲಾಳ ಮುಂದೆ ಬಿಳಿ ಸಾಸ್ ಸುರಿದ ಸುಟ್ಟ ಕೋಳಿ. ಅವನ ಮುಂದೆ ಮನೆಯಿಂದ ತಂದ ಡಬ್ಬಿ, ಅದರಲ್ಲಿ ಬೇಯಿಸಿದ ಸಪ್ಪೆ ಕೋಳಿ. ರೇಸು ಹತ್ತಿರವಿತ್ತು. ಬೇಕೆಂದೇ ನಾನು ಬೆರಳು ಚೀಪಿಕೊಂಡು ತಿಂದೆ. ಅವನು ನನ್ನನ್ನೇ ನೋಡುತ್ತಿದ್ದ. ಮೊದಲು ಬೆರಳು, ಆಮೇಲೆ ತುಟಿಯಂಚು. ನೋಟ ಅಲ್ಲೇ ನಿಂತುಬಿಟ್ಟಿತು.

"ಏನ್ ನೋಡ್ತಿದೀರಾ?"

"ಸಾಸ್ ಮೆತ್ತಿದೆ."

"ಸಾಸ್ ನೋಡೋ ಮುಖನಾ ಅದು?"

"ನಿಮ್ಮನ್ನೇ ನೋಡ್ತಿದಾರೆ," ಎಂದಳು ಡೆಲೈಲಾ, ಮೂಳೆ ಕಡಿಯುತ್ತಾ. "ಕೋಳಿ ಬಂದಾಗಿಂದ ನೋಡ್ತಿದಾರೆ. ನಾನು ಏನೂ ಹೇಳ್ಲಿಲ್ಲ ಅಷ್ಟೆ."

ಅವನು ಕೆಮ್ಮಿದ. ನನ್ನ ಕಿವಿ ಬಿಸಿಯಾಯಿತು. ಸುಮ್ಮನಿರುವ ಜಾಯಮಾನ ನನ್ನದಲ್ಲ. ಡೆಲೈಲಾ ಕೈ ತೊಳೆಯಲು ಹೋದಾಗ ಹೇಳಿಯೇಬಿಟ್ಟೆ.

"ನೋಡಿ, ನನ್ನ ಹಿಂದೆ ಬೀಳ್ಬೇಡಿ. ಬೇಸಿಗೆ ಬಂತು ಅಂದ್ರೆ ನೀವು ವಿಮಾನ ಹತ್ತೋರು. ಒಂದಿನ ಬರೋದನ್ನೇ ಬಿಡ್ತೀರಾ. ನಾನು ಹೇಗೋ ತಡ್ಕೋತೀನಿ. ಅವ್ಳು ತಡ್ಕೊಂಡು ತಡ್ಕೊಂಡು ಸಾಕಾಗಿದಾಳೆ."

"ಹೋಗೋದು ನನ್ನ ಕೆಲ್ಸ, ಒಡೆಸ್ಸಾ. ಆದ್ರೆ ವಾಪಸ್ ಬರೋದು ನಂಗೆ ಗೊತ್ತು."

"ಎಲ್ರೂ ಹಾಗೇ ಹೇಳಿರೋದು ಅವ್ಳಿಗೆ."

ಅವನು ಕಾಗದದ ಕರವಸ್ತ್ರವೊಂದನ್ನು ಮಡಚಿ ನನ್ನ ಕಡೆ ಸರಿಸಿದ. ಅದನ್ನು ತೆಗೆದುಕೊಳ್ಳುವಾಗ ಅವನ ಬೆರಳು ನನ್ನ ಬೆರಳಿಗೆ ತಾಗಿತು. ಇಬ್ಬರೂ ಹಿಂದಕ್ಕೆಳೆದುಕೊಳ್ಳಲಿಲ್ಲ.

* * *

ಏಪ್ರಿಲ್‌ನಲ್ಲಿ ಶುಭ ಸುದ್ದಿ ಬಂತು. ಲಮಾಂಟ್‌ಗೆ ಶೂ ಕೊಡುವ ಕಂಪನಿ ಅವನ ಹೆಸರಿನಲ್ಲಿ ದೊಡ್ಡ ಪ್ರತಿಷ್ಠಾನ ಕಟ್ಟುತ್ತದಂತೆ. ನಮ್ಮ ಸಂಸ್ಥೆ ಅದರೊಳಗೆ ಸೇರುತ್ತದೆ, ಕಾಯುತ್ತಿರುವ ಮಕ್ಕಳಿಗೆಲ್ಲ ಜೊತೆಗಾರರು ಸಿಗುತ್ತಾರೆ. ನಾನೂ ಮಿಸ್ ಅರ್ಲೀನೂ ಹಾಲ್‌ನಲ್ಲಿ ಕೈಕೈ ಹಿಡಿದು ಕುಣಿದೆವು.

ಮಾತುಕತೆಯ ದಿನ ಕಂಪನಿಯ ವಿಟ್‌ಕಾಂಬ್ ಎಂಬ ಮನುಷ್ಯ ಬಂದ. ಪಕ್ಕದಲ್ಲಿ ಕೋಟು ತೊಟ್ಟ ಲಮಾಂಟ್.

"ಒಂದೇ ಒಂದು ಸಣ್ಣ ಬದಲಾವಣೆ," ಎಂದ ವಿಟ್‌ಕಾಂಬ್, ಸಿಹಿ ಹಂಚುವವನ ಹಾಗೆ. "ಹನ್ನೆರಡು ವರ್ಷ ಅಂದ್ರೆ ಯಾರು ಕಾಯ್ತಾರೆ? ವರ್ಷಕ್ಕೊಬ್ಬ ಹೊಸ ಜೊತೆಗಾರ. ಪ್ರತಿ ಮಗುವಿಗೂ ಹನ್ನೆರಡು ಜನ ಸ್ನೇಹಿತರು! ಈ ಜೂನ್‌ನಿಂದಲೇ ಶುರು."

ಜೂನ್‌ನಿಂದ ಅಂದರೆ ನಾನು ಡೆಲೈಲಾಳನ್ನು ಬೇರೆಯವರ ಕೈಗೆ ಕೊಡಬೇಕು.

"ಒಂದು ವರ್ಷನಾದ್ರೂ ಸಿಗ್ಲಿ ಅನ್ನಿಸತ್ತೆ ಮಗಳೇ," ಎಂದರು ಮಿಸ್ ಅರ್ಲೀನ್, ವಿಟ್‌ಕಾಂಬ್ ಹೋದ ಮೇಲೆ. ಅವರ ದನಿಯಲ್ಲಿ ಜೀವವಿರಲಿಲ್ಲ. "ಕಾಯ್ತಿರೋ ಮಕ್ಳ ಮುಖ ದಿನಾ ನೋಡೋಳು ನಾನು."

ನಾನು ಲಮಾಂಟ್‌ನನ್ನು ಹೊರಗೆ ಎಳೆದುಕೊಂಡು ಹೋದೆ. "ನಿಮಗೆ ಗೊತ್ತಿತ್ತಾ?"

"ನಿನ್ನೆ ಗೊತ್ತಾಯ್ತು."

"ಗೊತ್ತಾದ್ಮೇಲೂ ಕೋಟು ಹಾಕ್ಕೊಂಡು ಅವ್ನ ಪಕ್ಕ ಬಂದು ಕೂತ್ರಾ?"

"ಮೊದ್ಲು ಒಳಗೆ ಹೋಗೋಣ ಒಡೆಸ್ಸಾ, ಆಮೇಲೆ ಒಳಗಿಂದ ಬದಲಾಯಿಸೋಣ. ಏನೂ ಇಲ್ದಿರೋದಕ್ಕಿಂತ..."

"ಏನೂ ಇಲ್ದಿದ್ರೇ ವಾಸಿ! ಒಂದು ವರ್ಷ ಮುದ್ದು ಮಾಡಿ ಕೈ ಬಿಡೋದನ್ನ ಅವಳಿಗೆ ತೋರ್ಸೋಕೆ ನಿಮ್ಮ ಪ್ರತಿಷ್ಠಾನ ಬೇಕಾ? ಎಷ್ಟೋ ಮನೆಯವರು ಆಗ್ಲೇ ತೋರ್ಸಿದಾರೆ. ನಿಮ್ಮ ಕೋಚ್ ಒಂದು ವರ್ಷಕ್ಕೆ ಹೊರಟುಹೋಗಿದ್ರೆ ಎಲ್ಲಿರ್ತಿದ್ರಿ ಈಗ?"

ಅವನ ದವಡೆ ಬಿಗಿಯಿತು. "ನನ್ನ ಶೂ, ನನ್ನ ಟ್ರೈನಿಂಗು, ನನ್ನ ವಿಮಾನದ ಟಿಕೆಟ್ಟು, ಎಲ್ಲಾ ಅವ್ರದ್ದೇ. ಬೇಡ ಅಂದ್ರೆ ನನ್ನ ಓಟ ಮುಗೀತು. ಅದು ಗೊತ್ತಾ ನಿಮಗೆ?"

"ಹಾಗಿದ್ರೆ ನೀವೂ ಅವ್ರದ್ದೇ."

ಅವನು ಕಾರಿನ ಬಾಗಿಲನ್ನು ದಡಾರನೆ ಹಾಕಿಕೊಂಡು ಹೋದ. ಆ ಮಂಗಳವಾರ ಬರಲಿಲ್ಲ, ಮುಂದಿನ ಮಂಗಳವಾರವೂ ಇಲ್ಲ. ನಾನು ಕಿವಿಯೋಲೆ ಬಿಚ್ಚಿಟ್ಟು ಮಕ್ಕಳ ಮುಂದೆ ನಗುನಗುತ್ತಾ ಇದ್ದೆ. ನಾನು ಅವನನ್ನು ಪ್ರೀತಿಸುತ್ತೇನೆಂದು ತಿಳಿದದ್ದೂ ಆಗಲೇ, ಅದಕ್ಕೂ ಸಿಟ್ಟು ಬಂತು.

"ಹೋದ್ರಾ?" ಎಂದಳು ಡೆಲೈಲಾ.

"ಗೊತ್ತಿಲ್ಲ ಕಂದಾ."

"ಪರ್ವಾಗಿಲ್ಲ." ಭುಜ ಕುಣಿಸಿದಳು. ಆ 'ಪರ್ವಾಗಿಲ್ಲ'ದಷ್ಟು ನನ್ನನ್ನು ಕೊಲ್ಲುವ ಮಾತು ಬೇರೆ ಇಲ್ಲ. "ನೀವು ಹೋಗೋದನ್ನ ಮಾತ್ರ ಮೊದ್ಲೇ ಹೇಳಿಬಿಡಿ ಮಿಸ್ ಒಡೆಸ್ಸಾ. ನಾನು ಅಳಲ್ಲ. ಜೂನ್ ಅಂತೆ, ದೊಡ್ಡವರು ಮಾತಾಡ್ತಿದ್ದನ್ನ ಕೇಳಿಸ್ಕೊಂಡೆ."

"ನಾನು ಎಲ್ಲಿಗೂ ಹೋಗಲ್ಲ. ಈ ಕೆಲ್ಸದಿಂದ ಕಿತ್ತುಹಾಕಿದ್ರೂ ನಿನ್ನ ಬಾಗ್ಲಿಗೆ ಬಂದು ಹಾರ್ನ್ ಹೊಡೀತೀನಿ. ಪೊಲೀಸ್ನೋರನ್ನ ಕರೆದ್ರೂ ಹೊಡೀತೀನಿ."

ಅವಳು ನನ್ನನ್ನು ನೋಡಿದಳು. ನಂಬಬೇಕೆಂಬ ಆಸೆ ಇತ್ತು, ನಂಬುವ ಅಭ್ಯಾಸವಿರಲಿಲ್ಲ.

* * *

ಮೇ ತಿಂಗಳ ಕೊನೆಯಲ್ಲಿ ಕಾಲೇಜಿನ ಓಟದ ಮೈದಾನದಲ್ಲಿ ಪ್ರತಿಷ್ಠಾನದ ಉದ್ಘಾಟನೆಗೆ ವೇದಿಕೆ ಹಾಕಿದರು. ಬ್ಯಾಂಡು, ಬಲೂನು, ಒಂದೇ ಬಣ್ಣದ ಟೀ ಶರ್ಟು ತೊಟ್ಟ ಮಕ್ಕಳು. ಲಮಾಂಟ್‌ನ ಆಳೆತ್ತರದ ಚಿತ್ರ, ಕಾಲಲ್ಲಿ ಕಂಪನಿಯ ಹೊಸ ಕಿತ್ತಳೆ ಬಣ್ಣದ ಶೂ. ನಿಜವಾದ ಲಮಾಂಟ್ ಅದೇ ಶೂ ತೊಟ್ಟು ವೇದಿಕೆಯ ಮೇಲೆ ಕಲ್ಲಿನಂತೆ ಕುಳಿತಿದ್ದ. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ನಾನೂ ನೋಡಲಿಲ್ಲ, ಅಂದರೆ ಅವನು ನೋಡುತ್ತಿಲ್ಲ ಎಂದು ಗೊತ್ತಾಗುವಷ್ಟು ಮಾತ್ರ ನೋಡಿದೆ.

ಬೆಳಿಗ್ಗೆ ಹಾಲ್‌ನಿಂದ ಹೊರಡುವಾಗ ಡೆಲೈಲಾ ಹಲಗೆಯೂ ಬೇಕೆಂದು ಹಟ ಹಿಡಿದಿದ್ದಳು. ಯಾಕೆಂದು ಹೇಳಿರಲಿಲ್ಲ. ನಾನೇ ಕಾರಿನಲ್ಲಿ ತಂದು ವೇದಿಕೆಯ ಮೆಟ್ಟಿಲ ಬಳಿ ಒರಗಿಸಿದ್ದೆ.

ವಿಟ್‌ಕಾಂಬ್ ಮೈಕಿನಲ್ಲಿ ನನ್ನನ್ನೂ ಡೆಲೈಲಾಳನ್ನೂ ಕರೆದ. ಇನ್ನೊಂದು ಕಡೆಯಿಂದ ಅವಳ ಹೊಸ ಜೊತೆಗಾತಿ, ಕೆಲ್ಸಿ ಎಂಬ ಕಾಲೇಜು ಹುಡುಗಿ ಬಂದಳು. ಪಾಪ, ಒಳ್ಳೆಯ ಹುಡುಗಿ, ಕೈಯಲ್ಲಿ ಹೂವು ಹಿಡಿದಿದ್ದಳು. ನಾನು ಡೆಲೈಲಾಳ ಕೈಯನ್ನು ಅವಳ ಕೈಗಿಡಬೇಕು, ಕ್ಯಾಮೆರಾ ಫಟಫಟನೆ ಹೊಡೆಯಬೇಕು. ನನಗೆ ಗೊತ್ತಿತ್ತು, ನಾನು ಕೊಡುವುದಿಲ್ಲ. ಬಾಯಲ್ಲಿ ಮಾತು ಸಿದ್ಧವಾಗಿತ್ತು, ಯಾವುದೂ ಮರ್ಯಾದೆಯದಲ್ಲ.

ಆದರೆ ಡೆಲೈಲಾ ನನ್ನ ಕೈ ಬಿಡಿಸಿಕೊಂಡು ಮೆಟ್ಟಿಲ ಕೆಳಗೆ ಹೋದಳು. ತನಗಿಂತ ಎತ್ತರದ ಹಲಗೆಯನ್ನು ಧರಧರನೆ ಎಳೆದುಕೊಂಡು ಮೇಲೆ ಬಂದಳು.

ಲಮಾಂಟ್ ಎದ್ದು ನಿಂತ. ವಿಟ್‌ಕಾಂಬ್‌ನ ಕೈಯಿಂದ ಮೈಕು ತೆಗೆದುಕೊಂಡು ಅವಳ ಮುಂದೆ ಮೊಣಕಾಲೂರಿದ.

"ಇದನ್ನ ಯಾಕೆ ತಂದೆ ಪುಟ್ಟಾ?"

"ಹೊಸ ಮಿಸ್‌ಗೆ ಕೊಡೋಕೆ," ಅವಳ ದನಿ ಮೈದಾನವಿಡೀ ಕೇಳಿಸಿತು. "ನನ್ ಜೊತೆ ಇರೋರು ತಾನೆ ಇದನ್ನ ಹೊರೋದು? ಮುಂದಿನ ವರ್ಷ ಅವ್ರು ಇನ್ನೊಬ್ರಿಗೆ ಕೊಡ್ತಾರೆ. ಹುಷಾರಾಗಿ ಹಿಡ್ಕೊಳ್ಳಿ ಅಂತ ಹೇಳ್ಬೇಕು, ಒಂದು ಕಡೆ ಸಿಬಿರಿದೆ."

ಬ್ಯಾಂಡಿನವರೂ ತಲೆ ತಗ್ಗಿಸಿದರು. ಕೆಲ್ಸಿಯ ಕಣ್ಣಲ್ಲಿ ನೀರು ಬಂದುಬಿಟ್ಟಿತು.

ಲಮಾಂಟ್ ಎದ್ದ. ನನ್ನನ್ನು ನೋಡಿದ. ತಿಂಗಳಿನಿಂದ ನೋಡದಿದ್ದುದನ್ನೆಲ್ಲ ಒಂದೇ ಸಲಕ್ಕೆ ನೋಡಿದ.

"ಏಳನೇ ವರ್ಷದಲ್ಲಿ ನಾನು ಎಷ್ಟೆತ್ತರ ಇದ್ದೆ ಅಂತ ಈ ಭೂಮಿ ಮೇಲೆ ಯಾರಿಗೂ ಗೊತ್ತಿಲ್ಲ," ಎಂದ ಮೈಕಿನಲ್ಲಿ. "ಎಂಟಕ್ಕೂ ಗೊತ್ತಿಲ್ಲ, ಒಂಬತ್ತಕ್ಕೂ ಗೊತ್ತಿಲ್ಲ. ನೋಡಿದೋರು ಇದ್ರು, ಎಲ್ಲಾ ಒಳ್ಳೆಯೋರೇ. ಒಬ್ರೂ ಉಳೀಲಿಲ್ಲ ಅಷ್ಟೆ. ವರ್ಷಕ್ಕೊಬ್ಬ ಹೊಸಬ ಬರೋದು ಈ ಮಕ್ಕಳಿಗೆ ಉಡುಗೊರೆ ಅಲ್ಲ ಸ್ವಾಮಿ, ಅದೇ ಅವರ ಕಾಯಿಲೆ. ಕಾಯಿಲೆನೇ ಔಷಧಿ ಅಂತ ಕೊಡೋಕೆ ನನ್ನ ಹೆಸರು ಬೇಕಾ ನಿಮಗೆ?"

"ಲಮಾಂಟ್," ಎಂದ ವಿಟ್‌ಕಾಂಬ್, ನಗು ಇನ್ನೂ ಮುಖಕ್ಕೆ ಅಂಟಿಕೊಂಡೇ ಇತ್ತು. "ಇದನ್ನ ಆಮೇಲೆ ಮಾತಾಡೋಣ."

"ಮಾತು ಮುಗೀತು. ನನ್ನ ಹೆಸರು ಇರ್ಬೇಕು ಅಂದ್ರೆ ಹನ್ನೆರಡು ವರ್ಷ. ಹನ್ನೊಂದೂವರೆನೂ ಆಗಲ್ಲ. ಆಗಲ್ಲ ಅಂದ್ರೆ ನನ್ನ ಹೆಸರು ನನಗೆ ವಾಪಸ್ ಕೊಡಿ, ನಿಮ್ದನ್ನ ನೀವು ತಗೊಳ್ಳಿ."

ಅಲ್ಲೇ ಕುಳಿತು ಲೇಸು ಬಿಚ್ಚಿದ. ಒಂದು ಶೂ, ಇನ್ನೊಂದು ಶೂ. ಎರಡನ್ನೂ ಜೋಡಿಸಿ ಮೈಕಿನ ಕೆಳಗಿಟ್ಟ. ಕಾಲುಚೀಲದ ಮೇಲೂ ಕಂಪನಿಯ ಗುರುತಿತ್ತು, ಅದನ್ನೂ ಕಳಚಿದ. ಆಮೇಲೆ ಹಲಗೆಯನ್ನೆತ್ತಿ ಹೆಗಲಿಗೇರಿಸಿಕೊಂಡು ಬರಿಗಾಲಲ್ಲಿ ಮೆಟ್ಟಿಲಿಳಿದ.

ಮುಂದಿನ ಸಾಲಿನಲ್ಲಿದ್ದ ಮಿಸ್ ಅರ್ಲೀನ್ ಎದ್ದು ನಿಂತರು. ಟೋಪಿ ಸರಿಮಾಡಿಕೊಂಡು, "ಎದ್ದೇಳ್ರೋ ಮಕ್ಳಾ. ಮನೆಗೆ ಹೋಗೋಣ," ಎಂದರು. ಮಕ್ಕಳೆಲ್ಲ ಎದ್ದರು.

* * *

ಪಾರ್ಕಿಂಗ್ ಜಾಗದಲ್ಲಿ ಡಾಂಬರು ಕಾದು ಹೆಂಚಾಗಿತ್ತು. ಲೋಕವನ್ನು ಗೆದ್ದ ಓಟಗಾರ ಹಲಗೆ ಹೊತ್ತುಕೊಂಡು "ಅಯ್ಯಯ್ಯೋ, ಅಯ್ಯಯ್ಯೋ" ಎನ್ನುತ್ತಾ ಒಂದೊಂದೇ ಕಾಲಲ್ಲಿ ಕುಪ್ಪಳಿಸುತ್ತಿದ್ದ. ನಾನು ಹಿಂದೆ ಓಡಿಬಂದವಳು ನಗುತ್ತಾ ನಗುತ್ತಾ ಅತ್ತುಬಿಟ್ಟೆ.

"ನಗಿ ನಗಿ. ಕಾರ್ ಬಾಗ್ಲು ತೆಗೀರಿ ಮೊದ್ಲು, ಕಾಲು ಸುಟ್ಟುಹೋಗ್ತಿದೆ!"

ತೆಗೆದೆ. ಡೆಲೈಲಾ ಹಿಂದಿನ ಸೀಟಿಗೆ ಹತ್ತಿ, ಹಲಗೆಯನ್ನು ಒಳಗೆ ಎಳೆದುಕೊಂಡು, ಸಿಬಿರೆದ್ದ ಕಡೆಯನ್ನು ಪರೀಕ್ಷಿಸಿದಳು. ಅವನು ಕಾರಿನ ಬಾಗಿಲಲ್ಲಿ ಕಾಲು ಮೇಲಿಟ್ಟು ಕುಳಿತ. ಅಂಗಾಲು ಕೆಂಪಗಾಗಿತ್ತು. ನನ್ನ ನೀರಿನ ಬಾಟಲಿಯನ್ನು ಅದರ ಮೇಲೆ ಸುರಿದೆ.

"ನಿಮ್ಮ ಓಟ?" ಎಂದೆ.

"ಓಟ ಕಾಲಲ್ಲಿದೆ. ಕಂಪನಿ ಹತ್ರ ಇರೋದು ಬರೀ ಶೂ." ಸ್ವಲ್ಪ ತಡೆದು ಹೇಳಿದ, "ಹೆದರಿಕೆ ಆಗ್ತಿದೆ. ಸುಳ್ಳು ಹೇಳಲ್ಲ. ಆದ್ರೆ ಅವತ್ತು ನೀವು ಕೇಳಿದ್ರಲ್ಲ, ಕೋಚ್ ಹೋಗಿಬಿಟ್ಟಿದ್ರೆ ಅಂತ. ಒಂದು ತಿಂಗಳು ನಿದ್ದೆ ಕೊಡ್ಲಿಲ್ಲ ಆ ಮಾತು."

"ಹಾಗಾದ್ರೂ ಮಂಗಳವಾರ ಬರ್ಲಿಲ್ಲ."

"ನಾಚಿಕೆ ಆಗಿತ್ತು."

"ನಾಚಿಕೆ ಆದ್ರೂ ಬರ್ಬೇಕು. ಸಿಟ್ಟು ಬಂದ್ರೂ ಬರ್ಬೇಕು. ನಾನು ಬೈದು ಅಟ್ಟಿದ್ರೂ ಬರ್ಬೇಕು. ಅದಕ್ಕೇ ಇರೋದು ಅನ್ನೋದು." ಖಾಲಿ ಬಾಟಲಿಯ ಮುಚ್ಚಳ ತಿರುಗಿಸಿದೆ. "ಡೆಲೈಲಾ ಹೈಸ್ಕೂಲು ಮುಗಿಸೋವರೆಗೂ ನಾನು ಈ ಊರು ಬಿಡೋಳಲ್ಲ. ಯಾರಿಗೋಸ್ಕರನೂ ಬಿಡಲ್ಲ. ಗೊತ್ತಿರ್ಲಿ."

"ಬಿಡು ಅಂತ ನಾನು ಯಾವಾಗ ಅಂದೆ? ವರ್ಷದಲ್ಲಿ ಅರ್ಧ ಹೊರಗಿರೋನು ನಾನು, ಜೊತೆಗಾರ ಆಗೋಕೆ ಲಾಯಕ್ಕಿಲ್ಲ. ಆದ್ರೆ ವಾಪಸ್ ಬರೋಕೆ ನಂಗೊಂದು ಬಾಗ್ಲು ಬೇಕು, ಒಡೆಸ್ಸಾ. ನಾನು ನಿನ್ನನ್ನ ಪ್ರೀತಿಸ್ತೀನಿ. ಚೀಲ ಕೆಳಗಿಡಿ ಅಂತ ಗದರಿದೆಯಲ್ಲ, ಅವತ್ತಿಂದ."

ಮೊದಲ ಸಲ ನನ್ನನ್ನು ಏಕವಚನದಲ್ಲಿ ಕರೆದಿದ್ದ. ಮೈ ಜುಂ ಎಂದಿತು.

"ನಾನೂ ಪ್ರೀತಿಸ್ತೀನಿ, ಹಾಳಾದೋನೇ," ಎಂದೆ. "ಹೋಗು, ಎಲ್ಲಿ ಬೇಕಾದ್ರೂ ಹೋಗು. ಬರ್ತೀನಿ ಅಂದ ದಿನ ಬರದೇ ಇದ್ರೆ ಮಾತ್ರ ಆ ಹಲಗೆ ತಗೊಂಡೇ ಬಾರಿಸ್ತೀನಿ."

"ಹಲಗೆಯಲ್ಲಿ ಯಾರೂ ಯಾರಿಗೂ ಬಾರಿಸೋ ಹಾಗಿಲ್ಲ," ಎಂದಳು ಡೆಲೈಲಾ ಹಿಂದಿನಿಂದ. "ಹೊಟ್ಟೆ ಹಸೀತಿದೆ. ಕೋಳಿ ತಿನ್ನೋಕೆ ಹೋಗೋಣ್ವಾ? ಈಗ ಇವ್ರೂ ಸಾಸ್ ಹಾಕ್ಕೊಂಡು ತಿನ್ಬೋದಲ್ಲ."

ಅವನು ನನ್ನ ಕೈ ಹಿಡಿದುಕೊಂಡ. ಊರಿನ ಅರ್ಧ ಜನ ಆ ಪಾರ್ಕಿಂಗ್ ಜಾಗದಲ್ಲಿ ನಿಂತು ನೋಡುತ್ತಿದ್ದರು, ನೋಡಲಿ ಎಂದುಕೊಂಡೆ.

* * *

ಕಂಪನಿ ಒಪ್ಪಂದ ಹರಿದುಹಾಕಿತು. ಬೇರೆ ಊರಿನಲ್ಲಿ ಬೇರೆ ಹೆಸರಿನ ಮೇಲೆ ತನ್ನ ವರ್ಷದ ಸ್ನೇಹಿತರನ್ನು ಹಂಚುತ್ತಿದೆಯಂತೆ. ಕೆಲ್ಸಿ ಆ ಹೂವನ್ನು 'ಕ್ಷಮಿಸು' ಎಂಬ ಚೀಟಿಯ ಜೊತೆ ಡೆಲೈಲಾಳ ಮನೆ ಬಾಗಿಲಲ್ಲಿ ಇಟ್ಟು ಹೋಗಿದ್ದಳು. ಮಾರನೆಯ ವರ್ಷ ಓದು ಮುಗಿಸಿ ಬಂದು ಪೂರ್ತಿ ಹನ್ನೆರಡು ವರ್ಷಕ್ಕೆ ಜೊತೆಗಾತಿಯಾಗಿ ನಮ್ಮಲ್ಲಿ ಸೇರಿದಳು. ಲಮಾಂಟ್ ಅಂಗಡಿಯಲ್ಲಿ ಕೊಂಡ ಶೂಗೆ, ಯಾವ ಕಂಪನಿಯ ಗುರುತೂ ಕಾಣದಂತೆ, ಬಿಳಿ ಟೇಪು ಸುತ್ತಿ ಓಡಿದ. ಟೇಪಿನ ಮೇಲೆ ಡೆಲೈಲಾ ಪೆನ್ನಿನಲ್ಲಿ ದೊಡ್ಡದಾಗಿ '12' ಎಂದು ಬರೆದುಕೊಟ್ಟಿದ್ದಳು, ಅದು ಟಿವಿಯಲ್ಲಿ ಚೆನ್ನಾಗಿಯೇ ಕಂಡಿತು. ಕೆಲವು ಓಟ ಸೋತ, ಕೆಲವು ಗೆದ್ದ. ಬೇರೆ ಓಟಗಾರರು, ಊರಿನ ಕ್ಷೌರದಂಗಡಿಯವರು, ಚರ್ಚಿನ ಹೆಂಗಸರು ಕೈಜೋಡಿಸಿದರು. ಕಾಯುತ್ತಿರುವ ಮಕ್ಕಳು ಇನ್ನೂ ಇದ್ದಾರೆ, ಅವರನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಆ ಮೈದಾನದ ದಿನವಾದ ವಾರಕ್ಕೆ ಡೆಲೈಲಾಳ ಹುಟ್ಟಿದಹಬ್ಬ. ಹಾಲ್‌ನಲ್ಲಿ ಹಲಗೆ ನಿಲ್ಲಿಸಿ ಅವಳ ಗೀಟು ಹಾಕಿದೆ. ಬಳಿಕ ಅವಳು ಕುರ್ಚಿ ಎಳೆದು ಅದರ ಮೇಲೆ ಹತ್ತಿ ನಿಂತಳು.

"ಈಗ ನೀವು ಬನ್ನಿ," ಎಂದಳು ಲಮಾಂಟ್‌ಗೆ.

"ನಾನಾ?"

"ಮತ್ತೆ? ನಿಮ್ಮೆತ್ತರ ಯಾರಿಗೂ ಗೊತ್ತಿಲ್ಲ ಅಂದ್ರಲ್ಲ. ನೆಟ್ಟಗೆ ನಿಲ್ಲಿ. ಹಿಮ್ಮಡಿ ಎತ್ಬಾರ್ದು."

ಮೂವತ್ತೊಂದು ವರ್ಷದ ಗಂಡಸು ಹಲಗೆಗೆ ಬೆನ್ನು ಹಚ್ಚಿ, ಉಸಿರು ಬಿಗಿಹಿಡಿದು ನಿಂತ. ಅವಳು ಅವನ ತಲೆಯ ಮೇಲೆ ಪುಸ್ತಕವಿಟ್ಟು, ನಾಲಿಗೆ ಕಚ್ಚಿಕೊಂಡು, ಹಲಗೆಯ ತುದಿಗೆ ಹತ್ತಿರ ಗೀಟೆಳೆದಳು. ಅವನು ತಿರುಗಿ ಅದನ್ನು ಬಹಳ ಹೊತ್ತು ನೋಡಿದ.

"ಮುಂದಿನ ವರ್ಷ ಮತ್ತೆ ಬರ್ಬೇಕು," ಎಂದಳು.

"ಪುಟ್ಟಾ, ನಾನು ಇನ್ನು ಬೆಳೆಯಲ್ಲ."

"ಬೆಳೆದಿಲ್ಲ ಅಂತ ನೋಡೋಕೆ ಬರ್ಬೇಕು."

ಮುಂದಿನ ವರ್ಷ ಅದೇ ದಿನ ಅವನು ಯುರೋಪಿನಿಂದ ವಿಮಾನ ಇಳಿದು ನೇರ ಹಾಲ್‌ಗೆ ಬಂದ. ಒಂದು ಕೂದಲಿನಷ್ಟೂ ಬೆಳೆದಿರಲಿಲ್ಲ. ಡೆಲೈಲಾ ಹಳೆಯ ಗೀಟಿನ ಮೇಲೆಯೇ ಪೆನ್ಸಿಲ್ಲಿನಿಂದ ತಿದ್ದಿದಳು. ಅದರ ಮುಂದಿನ ವರ್ಷ ಬರುವಾಗ ಅವನ ಬೆರಳಲ್ಲಿ ನಾನು ತೊಡಿಸಿದ ಉಂಗುರವಿತ್ತು. ಆಗಲೂ ಅದೇ ಗೀಟು, ಮತ್ತೊಮ್ಮೆ ಪೆನ್ಸಿಲ್ಲು.

ಈಗ ಡೆಲೈಲಾಳ ಗೀಟುಗಳು ನನ್ನ ಭುಜ ದಾಟಿವೆ. ಹೈಸ್ಕೂಲು ಮುಗಿಯಲು ಇನ್ನೂ ವರ್ಷಗಳಿವೆ. ಅವಳ ಗೀಟುಗಳೆಲ್ಲ ತೆಳ್ಳಗಿವೆ, ಒಂದೊಂದು ವರ್ಷಕ್ಕೆ ಒಂದೊಂದು. ತುದಿಯಲ್ಲಿರುವ ಅವನ ಒಂದೇ ಗೀಟು ಮಾತ್ರ ವರ್ಷ ವರ್ಷ ತಿದ್ದಿಸಿಕೊಂಡು ಕಪ್ಪಗೆ, ದಪ್ಪಗೆ ಆಗುತ್ತಾ ಹೋಗುತ್ತಿದೆ.